ರೇಸಿಂಗ್ ಕಾರುಗಳ ಮಾದರಿ ನಿರ್ಮಾಣ

ರೇಸಿಂಗ್ ಕಾರುಗಳ ಮಾದರಿ ನಿರ್ಮಾಣ ಎಂಬುದು ಸ್ಪರ್ಧೆಯಲ್ಲಿ ಓಡಿದ ಕಾರೊಂದನ್ನು ಗೊತ್ತುಪಡಿಸಿದ ಅನುಪಾತಕ್ಕೆ ಕಿರಿದುಗೊಳಿಸಿ, ಅದರ ಆಕಾರ, ಭಾಗಗಳು ಮತ್ತು ಬಣ್ಣಗಳನ್ನು ಯಥಾವತ್ತಾಗಿ ಮೂಡಿಸುವ ಕರಕುಶಲ ಕಲೆ. ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಪೆಟ್ಟಿಗೆಯನ್ನು, ಅಂದರೆ ಕಿಟ್ಟನ್ನು, ಕೊಂಡು ಜೋಡಿಸುವುದು ಇದರ ಸುಲಭ ರೂಪ. ಹಾಳೆ, ಸರಳು, ಕೊಳವೆ, ತಂತಿ, ಮರ ಮೊದಲಾದ ಕಚ್ಚಾ ಸಾಮಗ್ರಿಗಳಿಂದ ಎಲ್ಲ ಭಾಗಗಳನ್ನೂ ತಾವೇ ತಯಾರಿಸಿಕೊಳ್ಳುವುದನ್ನು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಸಿದ್ಧ ಮಾದರಿಗೆ ತಂತಿ, ಕೊಳವೆ, ತಿರುಪು, ಸೀಟ್ ಬೆಲ್ಟ್ ಮುಂತಾದ ಸೂಕ್ಷ್ಮ ಅಂಶಗಳನ್ನು ಸೇರಿಸುವುದಕ್ಕೆ ಡೀಟೇಲಿಂಗ್ ಎಂಬ ಹೆಸರಿದೆ.

ಕಿಟ್ ತಯಾರಕರು ಸಾಮಾನ್ಯವಾಗಿ ಜಗತ್ಪ್ರಸಿದ್ಧ ಕಾರುಗಳನ್ನೇ ಆರಿಸಿಕೊಳ್ಳುತ್ತಾರೆ. ಭಾರತದಲ್ಲಿ ವಿನ್ಯಾಸಗೊಂಡ ಫಾರ್ಮುಲಾ ಮಾರುತಿಯಂತಹ ಕಾರುಗಳು, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟುವ ಫಾರ್ಮುಲಾ ಸ್ಟೂಡೆಂಟ್ ಕಾರುಗಳು ಅವರ ಪಟ್ಟಿಗೆ ಬರುವುದು ವಿರಳ. ಇಂತಹ ಕಾರುಗಳ ಮಟ್ಟಿಗೆ ಸ್ಕ್ರ್ಯಾಚ್ ಬಿಲ್ಡಿಂಗ್ ಕೇವಲ ಹವ್ಯಾಸವಲ್ಲ. ಯಂತ್ರವೊಂದರ ಅಳತೆ ಮತ್ತು ರಚನೆಯನ್ನು ಉಳಿಸುವ ದಾಖಲೀಕರಣವೂ ಹೌದು.

## ಆಟಿಕೆ ಮತ್ತು ಮಾದರಿ

ಆಟಿಕೆ ಹಾಗೂ ಮಾದರಿ ಎರಡೂ ಚಿಕ್ಕವೇ ಆದರೂ ಅವುಗಳ ಉದ್ದೇಶ ಬೇರೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣದ ಅರಗಿನ ಬೊಂಬೆಗಳಲ್ಲಿ ಮರದ ಕಾರುಗಳೂ ಇವೆ. ಮಗುವಿನ ಕೈಗೆ ಚುಚ್ಚದಂತೆ ಅವುಗಳ ಅಂಚುಗಳನ್ನು ದುಂಡಗೆ ಮಾಡಿ, ಕಾರು ಎಂದು ಗುರುತಿಸಲು ಬೇಕಾದಷ್ಟು ಲಕ್ಷಣಗಳನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಮಾದರಿಯಲ್ಲಿ ಹಾಗಲ್ಲ. ಅದು ‘ಒಂದು ಕಾರು’ ಆಗಿದ್ದರೆ ಸಾಲದು, ‘ಇಂಥದೇ ಕಾರು’ ಆಗಿರಬೇಕು. ರೇಸಿಂಗ್ ಕಾರಿನ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಇಂಥ ದಿನದ, ಇಂಥ ಸ್ಪರ್ಧೆಯ ಕಾರು’ ಎಂದು ನಿಖರವಾಗಿ ಹೇಳಬೇಕಾಗುತ್ತದೆ. ಏಕೆಂದರೆ ರೇಸಿಂಗ್ ಕಾರು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತಲೇ ಇರುತ್ತದೆ.

## ಇತಿಹಾಸ

ಮಾದರಿ ಕಾರುಗಳಲ್ಲಿ ಬಹು ಬಳಕೆಯಲ್ಲಿರುವ 1:43 ಅನುಪಾತದ ಮೂಲ ಆಟಿಕೆ ರೈಲಿನಲ್ಲಿದೆ. ಬ್ರಿಟನ್ನಿನ ‘ಓ’ ಗೇಜ್ ರೈಲು ಮಾದರಿಗಳಲ್ಲಿ ಒಂದು ಅಡಿಗೆ 7 ಮಿ.ಮೀ. ಎಂಬ ಲೆಕ್ಕವಿತ್ತು. ಒಂದು ಅಡಿ ಎಂದರೆ 304.8 ಮಿ.ಮೀ.; ಅದನ್ನು ಏಳರಿಂದ ಭಾಗಿಸಿದರೆ 43.5 ಬರುತ್ತದೆ. ರೈಲಿನ ಪಕ್ಕದಲ್ಲಿ ನಿಲ್ಲಿಸಲು ಹೊಂದುವ ಕಾರುಗಳು ಅದೇ ಅಳತೆಗೆ ಸಮೀಪವಾಗಿ ತಯಾರಾದವು.

1960ರ ದಶಕದಲ್ಲಿ ದೊಡ್ಡ ಗಾತ್ರದ ಕಿಟ್‌ಗಳು ಬಂದವು. ಇಟಲಿಯ ಪೊಕೆರ್ ಸಂಸ್ಥೆ ಹಳೆಯ ಫಿಯಟ್ ರೇಸಿಂಗ್ ಕಾರನ್ನು 1:8 ಅನುಪಾತದಲ್ಲಿ ನೀಡಿತು. ಜಪಾನಿನ ಟಮಿಯಾ ಸಂಸ್ಥೆ 1967ರಲ್ಲಿ ಹೋಂಡಾದ ಫಾರ್ಮುಲಾ ಒನ್ ಕಾರಿನ 1:12 ಕಿಟ್ಟನ್ನು ಹೊರತಂದಿತು. ಮುಂದೆ ಇದೇ ಸಂಸ್ಥೆಯ 1:20 ಅನುಪಾತದ ಕಿಟ್‌ಗಳು ಫಾರ್ಮುಲಾ ಒನ್ ಮಾದರಿಗಳಲ್ಲಿ ಒಂದು ರೂಢಿಯನ್ನೇ ನಿರ್ಮಿಸಿದವು. ಜಪಾನಿನ ಮಾಡೆಲ್ ಫ್ಯಾಕ್ಟರಿ ಹಿರೊ ಲೋಹ, ರೆಸಿನ್ ಮತ್ತು ರಬ್ಬರುಗಳನ್ನು ಒಟ್ಟಿಗೆ ಬಳಸುವ ಅತಿ ಸೂಕ್ಷ್ಮ ಕಿಟ್‌ಗಳಿಗೆ ಹೆಸರಾಗಿದೆ.

ಕಿಟ್ಟಿನ ನೆರವಿಲ್ಲದೆ ಕಟ್ಟುವವರಲ್ಲಿ ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್ ಅಗ್ರಗಣ್ಯರು. ಮೂಲ ಕಾರನ್ನು ಸ್ವತಃ ಅಳೆದು, ಚಿತ್ರಿಸಿ, ಲೋಹದಲ್ಲಿ ಭಾಗಗಳನ್ನು ರೂಪಿಸುವ ಅವರ ವಿಧಾನವನ್ನು 1978ರಲ್ಲಿ ಪ್ರಕಟವಾದ ‘ದಿ ಕಂಪ್ಲೀಟ್ ಕಾರ್ ಮಾಡೆಲರ್’ ಗ್ರಂಥ ವಿವರಿಸುತ್ತದೆ.

## ಅನುಪಾತ ಮತ್ತು ಅಳತೆ

1:20 ಎಂದರೆ ಮೂಲದ 20 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಆಗುತ್ತದೆ ಎಂದರ್ಥ. ಲೆಕ್ಕ ಸರಳವಾದರೂ ಅದರ ಪರಿಣಾಮ ಕೆಳಗಿನ ಕೋಷ್ಟಕದಿಂದ ಸ್ಪಷ್ಟವಾಗುತ್ತದೆ. ಎಲ್ಲ ಅಳತೆಗಳೂ ಮಿಲಿಮೀಟರುಗಳಲ್ಲಿವೆ.

| ಭಾಗ | ಮೂಲ | 1:12 | 1:20 | 1:24 | 1:43 |
|---|---|---|---|---|---|
| ಫಾರ್ಮುಲಾ ಸ್ಟೂಡೆಂಟ್ ಕಾರಿನ ಕನಿಷ್ಠ ಗಾಲಿಯಂತರ | 1525 | 127.1 | 76.3 | 63.5 | 35.5 |
| 2009ರ ಫಾರ್ಮುಲಾ ಒನ್ ಕಾರಿನ ಮುಂದಿನ ರೆಕ್ಕೆಯ ಅಗಲ | 1800 | 150.0 | 90.0 | 75.0 | 41.9 |
| ಅದೇ ಕಾರಿನ ಹಿಂದಿನ ರೆಕ್ಕೆಯ ಅಗಲ | 750 | 62.5 | 37.5 | 31.3 | 17.4 |
| 13 ಅಂಗುಲದ ಗಾಲಿ ರಿಮ್ | 330 | 27.5 | 16.5 | 13.8 | 7.7 |
| 6 ಮಿ.ಮೀ. ಬೋಲ್ಟಿನ ಷಟ್ಕೋನ ತಲೆ | 10 | 0.83 | 0.50 | 0.42 | 0.23 |

ಇಲ್ಲಿ ಗಾಲಿಯಂತರ ಎಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ಕೇಂದ್ರಗಳ ನಡುವಿನ ದೂರ. ಕೋಷ್ಟಕದ ಕೊನೆಯ ಸಾಲು ಅನುಪಾತದ ಆಯ್ಕೆಗೆ ದಾರಿ ತೋರಿಸುತ್ತದೆ. 1:12ರಲ್ಲಿ ಬೋಲ್ಟಿನ ತಲೆಯನ್ನು ಷಟ್ಕೋನವಾಗಿಯೇ ತಯಾರಿಸಬಹುದು; 1:43ರಲ್ಲಿ ಅದು ಬಣ್ಣದ ಒಂದು ಚುಕ್ಕೆಯಾಗಿ ಉಳಿಯುತ್ತದೆ. ಎಂಜಿನ್ ಮತ್ತು ಸಸ್ಪೆನ್ಷನ್ನನ್ನು ತೋರಿಸುವ ಉದ್ದೇಶವಿದ್ದರೆ 1:12 ಅಥವಾ 1:20 ಅನುಕೂಲ. ಹೊರ ಆಕಾರ ಮತ್ತು ಬಣ್ಣವಷ್ಟೇ ಮುಖ್ಯವಾದರೆ 1:43 ಸಾಕು.

ಕೆಲವು ವಸ್ತುಗಳು ಅನುಪಾತಕ್ಕೆ ಬಗ್ಗುವುದಿಲ್ಲ. ನಿಜವಾದ ಕಾರಿನ ಬಣ್ಣದ ಪದರ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ. 1:20ರ ಮಾದರಿಗೆ ಅಷ್ಟೇ ದಪ್ಪ ಬಣ್ಣ ಬಳಿದರೆ, ಮೂಲ ಕಾರಿಗೆ 2 ಮಿ.ಮೀ. ದಪ್ಪದ ಬಣ್ಣ ಮೆತ್ತಿದಂತಾಗುತ್ತದೆ. ಬಾಗಿಲು, ಮುಚ್ಚಳಗಳ ನಡುವಿನ ಸಣ್ಣ ಗೆರೆಗಳು ಮುಚ್ಚಿಹೋಗುವುದು ಇದರಿಂದಲೇ.

## ಆಕರ ಸಂಗ್ರಹ

ಸ್ಕ್ರ್ಯಾಚ್ ಬಿಲ್ಡಿಂಗ್‌ನಲ್ಲಿ ಚಾಕು, ಅರಗಳಿಗಿಂತ ಮೊದಲು ಬೇಕಾದದ್ದು ಅಳತೆಪಟ್ಟಿ ಮತ್ತು ಛಾಯಾಚಿತ್ರ. ಕಾರನ್ನು ನೇರವಾಗಿ ಅಳೆಯಲು ಅವಕಾಶವಿದ್ದರೆ ಗಾಲಿಯಂತರ, ಎಡಬಲ ಗಾಲಿಗಳ ನಡುವಿನ ದೂರ, ಒಟ್ಟು ಉದ್ದ ಮತ್ತು ನೆಲದಿಂದ ಪ್ರತಿ ಭಾಗದ ಎತ್ತರ ಇವನ್ನು ಮೊದಲು ದಾಖಲಿಸಬೇಕು. ಅವಕಾಶವಿಲ್ಲದಿದ್ದಾಗ ಛಾಯಾಚಿತ್ರದಿಂದಲೇ ಅಳತೆ ತೆಗೆಯಬೇಕಾಗುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಕಾರಿನ ಪಕ್ಕದಿಂದ ನೇರವಾಗಿ ತೆಗೆದ ಚಿತ್ರದಲ್ಲಿ 1525 ಮಿ.ಮೀ. ಗಾಲಿಯಂತರವು 122 ಮಿ.ಮೀ. ಆಗಿ ಕಾಣುತ್ತದೆ ಎಂದುಕೊಳ್ಳೋಣ. ಆಗ ಚಿತ್ರದ 1 ಮಿ.ಮೀ. ಮೂಲದ 12.5 ಮಿ.ಮೀ.ಗೆ ಸಮ. ಚಾಲಕನ ತಲೆಯ ಹಿಂದಿರುವ ರಕ್ಷಣಾ ಕಮಾನು ಚಿತ್ರದಲ್ಲಿ 88 ಮಿ.ಮೀ. ಎತ್ತರವಿದ್ದರೆ, ಮೂಲದ ಎತ್ತರ 1100 ಮಿ.ಮೀ. ಎಂದು ತೋರುತ್ತದೆ.

ಈ ಲೆಕ್ಕದಲ್ಲಿ ಒಂದು ದೋಷ ಅಡಗಿದೆ. ಅಳತೆಗೆ ಆಧಾರವಾದ ಗಾಲಿಗಳು ಕ್ಯಾಮೆರಾಕ್ಕೆ ಹತ್ತಿರದ ಬದಿಯಲ್ಲಿವೆ. ಕಮಾನು ಕಾರಿನ ನಡುಗೆರೆಯ ಮೇಲಿದೆ. ಕ್ಯಾಮೆರಾ ಗಾಲಿಯಿಂದ 12 ಮೀಟರ್ ದೂರದಲ್ಲಿದ್ದು, ಕಮಾನಿನ ನಡುಭಾಗ ಅದಕ್ಕಿಂತ 0.6 ಮೀಟರ್ ಆಚೆಗಿದ್ದರೆ, ಕಮಾನು ಇರುವುದಕ್ಕಿಂತ ಸುಮಾರು ಶೇ. 5ರಷ್ಟು ಚಿಕ್ಕದಾಗಿ ಕಾಣುತ್ತದೆ. 1100ನ್ನು 12.6ರಿಂದ ಗುಣಿಸಿ 12ರಿಂದ ಭಾಗಿಸಿದಾಗ ಸಿಗುವ 1155 ಮಿ.ಮೀ. ಸರಿಯಾದ ಎತ್ತರ. 1:20ರ ಮಾದರಿಯಲ್ಲಿ ಇದು ಸುಮಾರು ಎರಡೂಮುಕ್ಕಾಲು ಮಿ.ಮೀ. ವ್ಯತ್ಯಾಸ, ಬರಿಗಣ್ಣಿಗೇ ಕಾಣುವಷ್ಟು ದೊಡ್ಡದು. ದೂರದಿಂದ, ಟೆಲಿಫೋಟೊ ಮಸೂರದಲ್ಲಿ ತೆಗೆದ ಚಿತ್ರಗಳನ್ನು ಮಾದರಿಕಾರರು ಬಯಸುವುದಕ್ಕೆ ಇದೇ ಕಾರಣ.

ಪ್ರತಿ ಅಳತೆಯ ಮುಂದೆ ಅದು ನೇರವಾಗಿ ಅಳೆದದ್ದೋ, ಚಿತ್ರದಿಂದ ಲೆಕ್ಕ ಹಾಕಿದ್ದೋ, ಊಹಿಸಿದ್ದೋ ಎಂದು ಬರೆದಿಡುವುದು ಉತ್ತಮ ಪದ್ಧತಿ. ಮಾದರಿ ಪೂರ್ಣಗೊಂಡ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ. ಟಿಪ್ಪಣಿಯಿಲ್ಲದಿದ್ದರೆ ಊಹೆಯೇ ಮುಂದಿನವರಿಗೆ ಪ್ರಮಾಣವಾಗಿಬಿಡುತ್ತದೆ.

## ಕಾಲಕ್ಕೆ ತಕ್ಕ ರಚನೆ

ಕಾರು ಯಾವ ಕಾಲದ್ದು ಎಂಬುದರ ಮೇಲೆ ಮಾದರಿಯ ಸಾಮಗ್ರಿ ಮತ್ತು ವಿವರಗಳು ನಿರ್ಧಾರವಾಗುತ್ತವೆ.

* ಕೊಳವೆಯ ಚೌಕಟ್ಟು: 1950ರ ದಶಕದ ಹಲವು ರೇಸಿಂಗ್ ಕಾರುಗಳಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡುತ್ತಿದ್ದರು. ಫಾರ್ಮುಲಾ ಸ್ಟೂಡೆಂಟ್ ಕಾರುಗಳಲ್ಲಿ ಈ ಪದ್ಧತಿ ಇಂದಿಗೂ ಇದೆ. ಒಂದು ಅಂಗುಲದ ಕೊಳವೆ 1:12ರಲ್ಲಿ 2.1 ಮಿ.ಮೀ., 1:20ರಲ್ಲಿ 1.27 ಮಿ.ಮೀ. ಆಗುತ್ತದೆ.
* ಅಲ್ಯೂಮಿನಿಯಂ ಮಾನೊಕಾಕ್: 1962ರ ಲೋಟಸ್ 25 ಕಾರಿನಿಂದ ಫಾರ್ಮುಲಾ ಒನ್‌ನಲ್ಲಿ ಹಾಳೆಗಳನ್ನೇ ಬಿಗಿಯಾದ ತೊಟ್ಟಿಯಂತೆ ಜೋಡಿಸುವ ರಚನೆ ನೆಲೆಗೊಂಡಿತು. ಇಲ್ಲಿ ರಿವೆಟ್‌ಗಳ ಸಾಲು ಮುಖ್ಯ ವಿವರ.
* ಇಂಗಾಲದ ನಾರು: 1981ರ ಮೆಕ್‌ಲಾರೆನ್ ಎಂಪಿ4/1 ಕಾರು ಕಾರ್ಬನ್ ಫೈಬರ್ ಮಾನೊಕಾಕನ್ನು ಫಾರ್ಮುಲಾ ಒನ್‌ಗೆ ತಂದಿತು. ಆ ನಂತರದ ಕಾರುಗಳಲ್ಲಿ ನೇಯ್ಗೆಯ ವಿನ್ಯಾಸವನ್ನು ಅಂಟುಚಿತ್ರಗಳ ಮೂಲಕ ತೋರಿಸುತ್ತಾರೆ.

ಬಣ್ಣಕ್ಕೂ ಇತಿಹಾಸವಿದೆ. ಮೊದಲು ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ ಎಂಬಂತೆ ದೇಶಕ್ಕೊಂದು ಬಣ್ಣವಿತ್ತು. 1968ರಲ್ಲಿ ಲೋಟಸ್ ತಂಡ ತಂಬಾಕು ಕಂಪನಿಯ ಬಣ್ಣಗಳನ್ನು ಧರಿಸಿದ ಮೇಲೆ ಪ್ರಾಯೋಜಕರ ಬಣ್ಣಗಳ ಕಾಲ ಬಂದಿತು. ತಂಬಾಕು ಜಾಹೀರಾತಿಗೆ ನಿಷೇಧವಿದ್ದ ದೇಶಗಳಲ್ಲಿ ಅದೇ ಕಾರು ಆ ಹೆಸರುಗಳಿಲ್ಲದೆ ಓಡುತ್ತಿದ್ದುದರಿಂದ, ಸ್ಪರ್ಧೆ ಯಾವುದೆಂದು ನಿಶ್ಚಯಿಸದೆ ಬಣ್ಣ ಹಚ್ಚಲು ಬರುವುದಿಲ್ಲ.

## ನಿರ್ಮಾಣದ ಹಂತಗಳು

### ಚೌಕಟ್ಟು

ಪಕ್ಕ, ಮೇಲು ಮತ್ತು ಮುಂಭಾಗದ ನಕ್ಷೆಗಳನ್ನು ಮಾದರಿಯ ಗಾತ್ರದಲ್ಲೇ ಮುದ್ರಿಸಿ ಮರದ ಹಲಗೆಗೆ ಅಂಟಿಸುತ್ತಾರೆ. ನಕ್ಷೆಯ ಗೆರೆಗಳ ಮೇಲೆ ಹಿತ್ತಾಳೆಯ ಸರಳು ಅಥವಾ ಕೊಳವೆಗಳನ್ನು ಇರಿಸಿ, ಅಲುಗದಂತೆ ಮೊಳೆಗಳಿಂದ ಹಿಡಿದು ಬೆಸುಗೆ ಹಾಕಲಾಗುತ್ತದೆ. ಒಂದು ಸಂಧಿಗೆ ಹಾಕಿದ ಬೆಸುಗೆಯ ಶಾಖಕ್ಕೆ ಪಕ್ಕದ ಸಂಧಿ ಬಿಟ್ಟುಕೊಳ್ಳುವುದುಂಟು. ಅದನ್ನು ತಡೆಯಲು ಹೆಚ್ಚಿನ ಉಷ್ಣತೆಯಲ್ಲಿ ಕರಗುವ ಬೆಸುಗೆಯನ್ನು ಮೊದಲು, ಕಡಿಮೆ ಉಷ್ಣತೆಯಲ್ಲಿ ಕರಗುವುದನ್ನು ಆಮೇಲೆ ಬಳಸುತ್ತಾರೆ. ಮುಗಿದ ಸಂಧಿಗಳ ಮೇಲೆ ಒದ್ದೆ ಬಟ್ಟೆ ಅಥವಾ ಕಾಗದವನ್ನು ಸುತ್ತುತ್ತಾರೆ.

### ಹೊರಮೈ

ಹೊರಮೈಗೆ ಮೊದಲು ಮರದ ಅಚ್ಚನ್ನು ತಯಾರಿಸಬೇಕು. ನಕ್ಷೆಯಿಂದ ನಿಯತ ಅಂತರದಲ್ಲಿ ಅಡ್ಡಕೊಯ್ತಗಳನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು, ಮರವನ್ನು ಕೆತ್ತುತ್ತಾ ಆ ರಟ್ಟುಗಳಿಂದ ಆಗಾಗ ಪರೀಕ್ಷಿಸುತ್ತಾರೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರ ಮೆದುವಾಗಿದ್ದು ನುಣುಪಾಗಿ ಕೆತ್ತನೆಗೆ ಒದಗುತ್ತದೆ. ಸಿದ್ಧ ಅಚ್ಚಿನ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ನಿರ್ವಾತದಿಂದ ಎಳೆದು ಕೂರಿಸಬಹುದು, ಇಲ್ಲವೇ ಸಿಲಿಕೋನ್ ಅಚ್ಚು ತೆಗೆದು ಅದರೊಳಗೆ ರೆಸಿನ್ ಎರೆಯಬಹುದು. ಚಪ್ಪಟೆ ಭಾಗಗಳಿಗೆ ಪಾಲಿಸ್ಟೈರೀನ್ ಹಾಳೆ ಸಾಕು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ದಪ್ಪವಿದ್ದು, 1:12ರಲ್ಲಿ 1.2 ಮಿ.ಮೀ. ದಪ್ಪದ ನಿಜವಾದ ಹಾಳೆಗೆ ಸರಿಹೊಂದುತ್ತದೆ.

### ಗಾಲಿ ಮತ್ತು ಸಸ್ಪೆನ್ಷನ್

ರಿಮ್‌ಗಳನ್ನು ಅಲ್ಯೂಮಿನಿಯಂ ಸರಳಿನಿಂದ ಲೇತ್ ಯಂತ್ರದಲ್ಲಿ ಕಡೆಯುತ್ತಾರೆ. ಟೈರುಗಳನ್ನು ರಬ್ಬರಿನಂತಹ ಪದಾರ್ಥದಲ್ಲಿ ಎರಕ ಹೊಯ್ದು, ನೆಲಕ್ಕೆ ತಾಗುವ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆಯುತ್ತಾರೆ. ಓಡಿದ ಟೈರಿನ ಮುಖ ಮಂಕಾಗಿಯೂ ಪಕ್ಕಗಳು ತುಸು ಮಿನುಗಿಯೂ ಇರುತ್ತವೆ. ರೇಸಿಂಗ್ ಕಾರಿನ ಗಾಲಿಗಳು ಸಾಮಾನ್ಯವಾಗಿ ನೆಲಕ್ಕೆ ಲಂಬವಾಗಿರದೆ, ಮೇಲ್ತುದಿ ಒಳಕ್ಕೆ ವಾಲಿರುತ್ತದೆ. ಈ ಸಣ್ಣ ಕೋನವನ್ನು ಮರೆತರೆ ಉಳಿದೆಲ್ಲ ಸರಿಯಿದ್ದರೂ ಮಾದರಿ ಜೀವವಿಲ್ಲದಂತೆ ಕಾಣುತ್ತದೆ.

### ಸೂಕ್ಷ್ಮ ವಿವರಗಳು

ಡೀಟೇಲಿಂಗ್‌ನ ಮೂಲ ನಿಯಮವೆಂದರೆ, ಪ್ರತಿ ತಂತಿಗೂ ಒಂದು ಆರಂಭ ಮತ್ತು ಒಂದು ಕೊನೆ ಇರಬೇಕು. ಎಂಜಿನ್ನಿನ ಮೇಲೆ ಅಂದಕ್ಕಾಗಿ ತಂತಿಗಳನ್ನು ಹರಡುವುದು ವಿವರವಲ್ಲ, ಅಲಂಕಾರ. ಮಾರುತಿ 800ರ 796 ಸಿ.ಸಿ. ಎಂಜಿನ್ನಿಗೆ ಮೂರೇ ಸಿಲಿಂಡರುಗಳು. ಆದ್ದರಿಂದ ಸ್ಪಾರ್ಕ್ ಪ್ಲಗ್ಗಿನ ತಂತಿಗಳೂ ಮೂರೇ. 7 ಮಿ.ಮೀ. ದಪ್ಪದ ಪ್ಲಗ್ ತಂತಿ 1:12ರಲ್ಲಿ 0.58 ಮಿ.ಮೀ., 1:24ರಲ್ಲಿ 0.29 ಮಿ.ಮೀ. ಆಗುತ್ತದೆ. ಹಳೆಯ ಎಲೆಕ್ಟ್ರಾನಿಕ್ ಸಾಧನಗಳೊಳಗಿನ ತೆಳು ತಂತಿ ಇದಕ್ಕೆ ಒದಗುತ್ತದೆ.

ಬೆಲ್ಟಿನ ಬಕಲ್, ಜಾಲರಿ, ಬ್ರೇಕ್ ತಟ್ಟೆ ಮುಂತಾದ ತೆಳು ಭಾಗಗಳಿಗೆ ರಾಸಾಯನಿಕ ಕೊರೆತವನ್ನು ಬಳಸುತ್ತಾರೆ. ಹಿತ್ತಾಳೆಯ ತಗಡಿನ ಮೇಲೆ ಉಳಿಯಬೇಕಾದ ಭಾಗವನ್ನು ರಕ್ಷಕ ಲೇಪದಿಂದ ಮುಚ್ಚಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಉಳಿದ ಭಾಗ ಕರಗಿಹೋಗುತ್ತದೆ. ಈಚೆಗೆ ರೆಸಿನ್ ಬಳಸುವ ತ್ರಿಆಯಾಮ ಮುದ್ರಣ ಯಂತ್ರಗಳು ಇಂತಹ ಕೆಲಸವನ್ನು ಬಹಳ ಸುಲಭಗೊಳಿಸಿವೆ. ಆದರೆ ಯಂತ್ರಕ್ಕೆ ಕೊಡುವ ಅಳತೆ ತಪ್ಪಿದ್ದರೆ ಅದು ಆ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸುತ್ತದೆ.

### ಬಣ್ಣ ಮತ್ತು ಅಂಟುಚಿತ್ರ

ಆಧಾರ ಲೇಪ, ಬಣ್ಣ, ಅಂಟುಚಿತ್ರ, ಪಾರದರ್ಶಕ ಮೆರುಗು ಎಂಬುದು ಸಾಮಾನ್ಯ ಕ್ರಮ. ಅಂಟುಚಿತ್ರಗಳನ್ನು ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುತ್ತಾರೆ. ಮನೆಯ ಸಾಮಾನ್ಯ ಮುದ್ರಣ ಯಂತ್ರಗಳಲ್ಲಿ ಬಿಳಿ ಶಾಯಿ ಇರುವುದಿಲ್ಲವಾದ್ದರಿಂದ ಕಪ್ಪು ಅಥವಾ ಕೆಂಪು ಕಾರಿನ ಮೇಲೆ ಬಿಳಿ ಅಕ್ಷರ ಮೂಡಿಸಲು ಬಿಳಿ ಹಿನ್ನೆಲೆಯ ಹಾಳೆ ಬೇಕಾಗುತ್ತದೆ. ಇಲ್ಲವೇ ಅಕ್ಷರಗಳನ್ನು ಮರೆಮಾಡಿ ಬಣ್ಣ ಸಿಂಪಡಿಸಬೇಕಾಗುತ್ತದೆ.

## ಕರ್ನಾಟಕ ಮತ್ತು ಭಾರತದ ಕಾರುಗಳು

ಫೋರ್ಸ್ ಇಂಡಿಯಾ: ಬೆಂಗಳೂರು ಮೂಲದ ಯುಬಿ ಸಮೂಹದ ಅಂದಿನ ಅಧ್ಯಕ್ಷ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಚೆನ್ನೈ ಬಳಿಯ ಷೋಲಾವರಂನಲ್ಲಿ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದರು. 2007ರಲ್ಲಿ ಅವರು ಮೋಲ್ ಕುಟುಂಬದೊಡನೆ ಸ್ಪೈಕರ್ ತಂಡವನ್ನು ಕೊಂಡರು. ಅದು ಫೋರ್ಸ್ ಇಂಡಿಯಾ ಎಂಬ ಹೆಸರಿನಲ್ಲಿ 2008ರಿಂದ 2018ರವರೆಗೆ ಸ್ಪರ್ಧಿಸಿತು. ತಂಡದ ಕಾರ್ಯಾಗಾರ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿತ್ತು. ವಿಜಯ್, ಯಾನ್, ಮಿಶಿಯೆಲ್ ಎಂಬ ಹೆಸರುಗಳ ಮೊದಲಕ್ಷರಗಳಿಂದ ಕಾರುಗಳಿಗೆ ‘ವಿಜೆಎಂ’ ಎಂಬ ಸಂಕೇತ ಬಂದಿತು. ಬಿಳಿಯ ಮೇಲೆ ಕೇಸರಿ, ಹಸಿರು ಬಣ್ಣಗಳಿದ್ದ ವಿಜೆಎಂ02 ಕಾರಿನಲ್ಲಿ ಜಾಂಕಾರ್ಲೊ ಫಿಸಿಕೆಲ್ಲಾ 2009ರ ಬೆಲ್ಜಿಯಂ ಸ್ಪರ್ಧೆಯಲ್ಲಿ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದರು. ಆ ಕಾರನ್ನು ಕಟ್ಟುವವರು ಬೆಲ್ಜಿಯಂನ ವೇಗದ ಪಥಕ್ಕೆ ಹೊಂದಿಸಿದ ರೆಕ್ಕೆಗಳನ್ನೇ ತೋರಿಸಬೇಕು. ತಿರುವುಗಳೇ ತುಂಬಿದ ಮೊನಾಕೊದಲ್ಲಿ ರೆಕ್ಕೆಗಳ ಜೋಡಣೆ ಬೇರೆಯೇ ಇರುತ್ತದೆ.

ಫಾರ್ಮುಲಾ ಮಾರುತಿ: ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಅಳವಡಿಸಿ ರೂಪಿಸಿದ ಒಂಟಿ ಆಸನದ ಕಾರು ಇದು. ದೇಶದಲ್ಲೇ ಕಟ್ಟಿದ ಅಗ್ಗದ ಕಾರುಗಳಲ್ಲಿ ಸ್ಪರ್ಧಿಸುವ ಅವಕಾಶವನ್ನು ಇದು ಯುವ ಚಾಲಕರಿಗೆ ಒದಗಿಸಿತು. 2003ರಲ್ಲಿ ಆರಂಭವಾದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರನ್ನು ಹೊತ್ತಿದೆ.

ಫಾರ್ಮುಲಾ ಸ್ಟೂಡೆಂಟ್ ಕಾರುಗಳು: ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಇಂತಹ ಕಾರುಗಳನ್ನು ಕಟ್ಟುವ ವಿದ್ಯಾರ್ಥಿ ತಂಡಗಳಲ್ಲಿ ಒಂದು. ವಿದ್ಯಾರ್ಥಿ ತಂಡಗಳಲ್ಲಿ ಹಳೆಯ ಕಾರಿನ ಭಾಗಗಳು ಹೊಸ ಕಾರಿಗೆ ಹೋಗುವುದು, ಕಟ್ಟಿದವರು ಓದು ಮುಗಿಸಿ ಚದುರಿಹೋಗುವುದು ಸಹಜ. ಕಾರು ಇಡಿಯಾಗಿರುವಾಗಲೇ ಅಳೆದು ಕಟ್ಟಿದ 76 ಮಿ.ಮೀ. ಗಾಲಿಯಂತರದ ಮಾದರಿಯೊಂದು ಆ ವರ್ಷದ ಪರಿಶ್ರಮದ ಏಕೈಕ ಘನರೂಪದ ಸಾಕ್ಷಿಯಾಗಿ ಉಳಿಯಬಹುದು.

## ಬೆಂಗಳೂರಿನಲ್ಲಿ ಅನುಕೂಲಗಳು

ತಂತಿ, ಬೆಸುಗೆ ಹಾಗೂ ಎಲೆಕ್ಟ್ರಾನಿಕ್ ಸಾಮಗ್ರಿಗಳಿಗೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಪ್ರಸಿದ್ಧ. ನಿಜವಾದ ವಾಹನಗಳ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು ನೋಡಲು ಜೆ.ಸಿ. ರಸ್ತೆಯ ಅಂಗಡಿಗಳಿವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1962ರಲ್ಲಿ ಸ್ಥಾಪನೆಯಾಯಿತು. ಅಲ್ಲಿನ ಎಂಜಿನ್ ವಿಭಾಗ ಮತ್ತು ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ, ಯಂತ್ರದ ಒಳರಚನೆಯನ್ನು ಓದಲು ಕಲಿಯುವವರಿಗೆ ಉಪಯುಕ್ತ.

ಅರೆಕೆರೆ, ಹುಳಿಮಾವು, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಂತಹ ದಕ್ಷಿಣ ಬೆಂಗಳೂರಿನ ವಸತಿ ಪ್ರದೇಶಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಕಾರ್ಯಾಗಾರ ದೊರೆಯುವುದು ಕಷ್ಟ. ಗಾಳಿಯಾಡುವ ಒಂದು ಮೇಜು, ಒಳ್ಳೆಯ ದೀಪ ಮತ್ತು ಭೂತಗನ್ನಡಿ ಇದ್ದರೆ 1:20ರ ಕೆಲಸ ಸಾಗುತ್ತದೆ. ಲೇತ್ ಕೆಲಸವನ್ನು ನಗರದ ಸಣ್ಣ ಯಂತ್ರಾಗಾರಗಳಲ್ಲಿ ಮಾಡಿಸಿಕೊಳ್ಳಬಹುದು. ಬೆಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವಾಂಶ ಹೆಚ್ಚಿದಾಗ ಮೆರುಗಿನ ಲೇಪ ಒಣಗುವ ಮುನ್ನ ಅದರ ಮೇಲೆ ಬಿಳಿಯ ಮಬ್ಬು ಕಟ್ಟಿಕೊಳ್ಳುತ್ತದೆ. ಮಳೆಯಿಲ್ಲದ ಮಧ್ಯಾಹ್ನದ ಹೊತ್ತು ಬಣ್ಣ ಸಿಂಪಡಣೆಗೆ ಸೂಕ್ತ.

## ಸುರಕ್ಷತೆ

ರೆಸಿನ್, ಬಣ್ಣ ಮತ್ತು ಬೆಸುಗೆಯ ಹೊಗೆಯನ್ನು ಉಸಿರಾಡಬಾರದು. ಕಿಟಕಿ ತೆರೆದಿಟ್ಟು, ಆವಿಯನ್ನು ತಡೆಯುವ ಮುಖಕವಚ ಧರಿಸಬೇಕು. ಒಣ ರೆಸಿನ್ನನ್ನು ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಸೀಸವಿರುವ ಬೆಸುಗೆಯನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಆಹಾರ ಮುಟ್ಟಕೂಡದು. ಫೆರಿಕ್ ಕ್ಲೋರೈಡ್ ಚರ್ಮಕ್ಕೂ ಕಣ್ಣಿಗೂ ಹಾನಿಕರ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು. ಮಕ್ಕಳು ಈ ಹಂತಗಳನ್ನು ಹಿರಿಯರ ಜೊತೆಯಲ್ಲಿ ಮಾತ್ರ ಮಾಡಬೇಕು.

## ಮಹತ್ವ

ಮಾದರಿ ನಿರ್ಮಾಣ ಶಾಲೆಯ ಅನುಪಾತದ ಗಣಿತ, ನಕ್ಷಾಲೇಖನ, ಲೋಹಗಳ ಗುಣ ಮತ್ತು ಇತಿಹಾಸದ ಆಕರ ಪರೀಕ್ಷೆಯನ್ನು ಒಂದೇ ಮೇಜಿನ ಮೇಲೆ ತರುತ್ತದೆ. ಆದರೂ ಮಾದರಿ ಮೂಲದ ಸ್ಥಾನವನ್ನು ತುಂಬಲಾರದು. ಎಂಜಿನ್ನಿನ ಸದ್ದು, ವೇಗ, ಭಾರ ಯಾವುದೂ ಅದರಲ್ಲಿಲ್ಲ. ಅದು ಉಳಿಸಬಲ್ಲದ್ದು ಆಕಾರ ಮತ್ತು ಜೋಡಣೆಯನ್ನು. ಪ್ರಸಿದ್ಧ ಕಾರುಗಳಿಗೆ ವಸ್ತುಸಂಗ್ರಹಾಲಯಗಳೂ ಸಾವಿರಾರು ಛಾಯಾಚಿತ್ರಗಳೂ ಇವೆ. ಷೋಲಾವರಂ, ಕೊಯಮತ್ತೂರು, ಬೆಂಗಳೂರುಗಳ ಕಾರ್ಯಾಗಾರಗಳಲ್ಲಿ ಹುಟ್ಟಿದ ಕಾರುಗಳಿಗೆ ಅಂತಹ ಆಸರೆ ಕಡಿಮೆ. ಅಳತೆಗಳ ಪಟ್ಟಿ ಮತ್ತು ಟಿಪ್ಪಣಿಗಳೊಡನೆ ಕಟ್ಟಿದ ಮಾದರಿ, ಮೂಲ ಕಾರು ಗುಜರಿಗೆ ಸೇರಿದ ಮೇಲೂ ಮತ್ತೊಬ್ಬರು ಅದನ್ನು ಅಧ್ಯಯನ ಮಾಡುವ ಅವಕಾಶವನ್ನು ಉಳಿಸುತ್ತದೆ.